ಉಪ್ಪಿನ ಡಬ್ಬಿ ಸರಿಸಿದ ಇಂಜಿನಿಯರ್

ನಳಿನಾ,

ಮೆಟ್ರೋದಲ್ಲಿ ಆಫೀಸಿಗೆ ಹೊರಟೆ. ಜೀಪು ಬೇಸ್‌ಮೆಂಟಿನಲ್ಲೇ ಜಾಕ್ ಮೇಲಿದೆ. ಗಾರ್ಡ್ ಭಯ್ಯಾ ಕೇಳಿದರೆ ಸಾಹೇಬರ ಸಂಶೋಧನೆ ಅನ್ನು, ನಗಬೇಡ.

ಲಟ್ಟಣಿಗೆ ತೊಳೆದಿಟ್ಟಿದ್ದೇನೆ, ಚಪಾತಿ ಮಾಡಿಕೋ. ಅದು ಇನ್ನು ಜೀಪಿನ ಹಿಂದಿನ ಚಕ್ರಗಳ ಆಕ್ಸಲ್ ಅಲ್ಲ. ಅದನ್ನು ಹಿಡಿಯುವ ಲಿಂಕು ಸರಳುಗಳಾಗಿದ್ದ ನಾಲ್ಕು ಸೌಟುಗಳೂ ಡ್ರಾಯರಿನಲ್ಲಿವೆ.

ಆವತ್ತು ಜೀಪಿಗೆ ನಾನು ಮಾಡುವ ಹೊಸ ಸಸ್ಪೆನ್ಷನ್ ಹೇಗಿರುತ್ತದೆಂದು ಊಟದ ಮೇಜಿನ ಮೇಲೆ ಜೋಡಿಸಿ ಲಟ್ಟಣಿಗೆ ಎತ್ತಿದಾಗ, ಪೆಟ್ರೋಲ್ ಟ್ಯಾಂಕ್ ಅಂತ ಇಟ್ಟಿದ್ದ ಉಪ್ಪಿನ ಡಬ್ಬಿಗೆ ಬಡಿಯಿತಲ್ಲ? "ತಾಗ್ತಿದೆಯಲ್ರೀ" ಅಂದಿದ್ದೆ ನೀನು. ಸಸ್ಪೆನ್ಷನ್ ಬಗ್ಗೆ ನಿನಗೇನು ಗೊತ್ತು ಅಂತ ನಾನು ಡಬ್ಬಿಯನ್ನೇ ಪಕ್ಕಕ್ಕೆ ಸರಿಸಿದ್ದೆ.

ನಿನ್ನೆ ಜೀಪಿನ ಒಂದು ಹಿಂದಿನ ಚಕ್ರವನ್ನು ಇಟ್ಟಿಗೆಗಳ ಮೇಲೆ ಹತ್ತಿಸಿದೆ. ಆಕ್ಸಲ್ ಮೇಲೆದ್ದು ಬಡಿಯಿತು. ಟ್ಯಾಂಕ್ ಪಕ್ಕಕ್ಕೆ ಸರಿಯಲಿಲ್ಲ, ನೆಗ್ಗಿತು.

ಭಾನುವಾರ ಜೀಪಿನಲ್ಲಿ ಹೋಗಬೇಕಿದ್ದ ಅರಾವಳಿ ಬೆಟ್ಟಕ್ಕೆ ಕ್ಯಾಬ್ ಬುಕ್ ಮಾಡು.

ಸಂಜೆ ಮತ್ತೆ ಲಟ್ಟಣಿಗೆ ಬೇಕು. ನೀನೂ ಉಪ್ಪಿನ ಡಬ್ಬಿ ಹಿಡಿದು ಎದುರು ಕೂತಿರು. ನಾನು ಏನೇ ಹೇಳಿದರೂ ಡಬ್ಬಿ ಮೇಲಿನ ಕೈ ತೆಗೆಯಬೇಡ.

ಶ್ರೀವತ್ಸ