ನಮ್ಮ ಮನೆಯ ಗೋಡೆಯನ್ನು ಬೇರೂರಿಸಿದವರಿಗೆ

ಕಟ್ಟಡ ಪರವಾನಗಿ ವಿಭಾಗದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಂಗಿಯ ಮನೆಯಲ್ಲಿ ಬೇಕೆಂದಾಗ ಸರಿಸಬಹುದಾದ ಒಂದು ಗೋಡೆಯಿತ್ತು. ನೀವು ಅದನ್ನು ಕದಲದಂತೆ ಮಾಡಿಸಿದಿರಿ. ಈಗ ಗೋಡೆ ಕೆಳಗೆ ಭದ್ರವಾಗಿ ನಿಂತಿದೆ, ತಂಗಿ ಮಹಡಿಯ ಮೇಲೆ ಸಿಕ್ಕಿಕೊಂಡಿದ್ದಾಳೆ. ಅದನ್ನು ತೆಗೆಯಲು ಅನುಮತಿ ಕೊಡಿ ಎಂದು ಕೇಳಿದ್ದಕ್ಕೆ ‘ಶಾಶ್ವತ ಗೋಡೆಯ ಸ್ಥಳಾಂತರಕ್ಕೆ ಅವಕಾಶವಿರುವುದಿಲ್ಲ’ ಎಂದು ಕಳೆದ ವಾರ ನಿಮ್ಮ ಕಚೇರಿಯಿಂದ ಉತ್ತರ ಬಂದಿದೆ. ಅದನ್ನು ಶಾಶ್ವತ ಮಾಡಿಸಿದವರು ಯಾರೆಂಬುದು ಉತ್ತರ ಬರೆದವರಿಗೆ ಮರೆತುಹೋದಂತಿದೆ. ನೆನಪು ಮಾಡಿಕೊಡೋಣ ಎಂದು ಈ ಪತ್ರ. ನಿಮ್ಮ ಟಪಾಲಿಗೆ ಹಾಕಿದರೆ ಇದರ ಬೆನ್ನಿಗೊಂದು ಸಂಖ್ಯೆ ಬಿದ್ದು ಕಪಾಟಿನಲ್ಲಿ ಮಲಗಿಬಿಡುತ್ತದೆ. ಆದ್ದರಿಂದ ನಾಲ್ಕು ಜನ ಓದುವ ಕಡೆ ಹಾಕಿಸಿದ್ದೇನೆ.

ನಾನು ಕಟ್ಟಡ ಕೆಡವುವವನು. ನೀವು ಸಹಿ ಹಾಕಿ ಹುಟ್ಟಿಸುವ ಕಟ್ಟಡಗಳ ಸಾವಿಗೆ ಬರುವವನು. ಹಳೆ ಬಾಗಿಲು, ಕಿಟಕಿ, ತೊಲೆ, ಇಟ್ಟಿಗೆಗಳನ್ನು ಕಿತ್ತು ತಂದು ನನ್ನ ಅಂಗಳದಲ್ಲಿ ಜೋಡಿಸಿ ಮಾರುವುದು ನನ್ನ ಕಸುಬು. ಓದು ಹತ್ತಲಿಲ್ಲ, ವ್ಯಾಪಾರ ಹತ್ತಿತು. ನನ್ನ ಲೆಕ್ಕ ಸರಳ: ಬಿಚ್ಚಿ ಬಂದದ್ದು ಮಾಲು, ಒಡೆದು ಬಂದದ್ದು ಕಸ. ಈ ಲೆಕ್ಕದಲ್ಲಿ ನೋಡಿದರೆ ನಿಮ್ಮ ಕಾಲದಲ್ಲಿ ಮಂಜೂರಾದ ಕಟ್ಟಡಗಳಷ್ಟು ದರಿದ್ರ ಕಟ್ಟಡಗಳು ನನಗೆ ಸಿಕ್ಕಿಲ್ಲ. ಎಲ್ಲವನ್ನೂ ಸಿಮೆಂಟಿನಲ್ಲಿ ಹೂತಿರುತ್ತಾರೆ. ಕಿಟಕಿ ತೆಗೆಯಹೋದರೆ ಗೋಡೆ ಒಡೆಯುತ್ತದೆ, ಇಟ್ಟಿಗೆ ಬಿಡಿಸಹೋದರೆ ಇಟ್ಟಿಗೆಯೇ ಪುಡಿಯಾಗುತ್ತದೆ. ಊರಾಚೆಯ ಹಳ್ಳಗಳನ್ನೆಲ್ಲ ತುಂಬಿಸಿದ್ದು ಆ ಪುಡಿಯೇ. ಅದಕ್ಕೂ ಅನುಮತಿ ಕೊಟ್ಟವರು ನೀವೇ ತಾನೆ?

ನನ್ನ ತಂಗಿ ಟೈಲರು. ಗಂಡ ತೀರಿಕೊಂಡ ಮೇಲೆ ಒಂದು ಹೊಲಿಗೆ ಯಂತ್ರದಿಂದ ಮಗಳನ್ನು ಬೆಳೆಸಿದವಳು. ಶಾಲೆಯ ಸಮವಸ್ತ್ರ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ, ಯಾಕೆಂದರೆ ಅವಳು ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಾಳೆ. ಮಗು ಬೆಳೆಯಿತೋ, ಹೊಲಿಗೆ ಬಿಚ್ಚಿ ಅಂಗಿಯನ್ನು ಅಗಲ ಮಾಡಿಕೊಡುತ್ತಾಳೆ. ‘ಮಕ್ಕಳು ಬೆಳೀತಾರೆ ಅನ್ನೋದು ಬಟ್ಟೆ ಹೊಲಿಯೋವಾಗ್ಲೇ ಗೊತ್ತಿರ್ಬೇಕು, ಹರಿದ ಮೇಲಲ್ಲ’ ಅನ್ನುವುದು ಅವಳ ಮಾತು. ಹೊಸ ಬಟ್ಟೆ ಮಾರುವ ಅಂಗಡಿಯವರಿಗೆ ಅವಳನ್ನು ಕಂಡರೆ ಆಗುವುದಿಲ್ಲ.

ಅವಳ ಮಗಳು ಬೆಳೆದದ್ದು ಆ ಯಂತ್ರದ ಕೆಳಗೆ ಮತ್ತು ನನ್ನ ಅಂಗಳದಲ್ಲಿ. ಚಿಕ್ಕವಳಿದ್ದಾಗ ಅಲ್ಲಿ ನಿಲ್ಲಿಸಿದ್ದ ಹಳೆ ಬಾಗಿಲೊಂದನ್ನು ತೆಗೆದು, ಆ ಕಡೆ ಹೋಗಿ, ಚಿಲಕ ಹಾಕಿಕೊಂಡು ‘ಮಾವ, ಇದು ನನ್ನ ಮನೆ, ತಟ್ಟಿ ಬಾ’ ಅನ್ನುತ್ತಿದ್ದಳು. ಗೋಡೆಯಿಲ್ಲ, ಸೂರಿಲ್ಲ, ಬಾಗಿಲು ಮಾತ್ರ ಭದ್ರ. ನಾನೂ ತಟ್ಟುತ್ತಿದ್ದೆ. ಈಗ ಅವಳು ಆರ್ಕಿಟೆಕ್ಟ್. ಪದವಿ ಪಡೆದು ಬಂದು ಮೊದಲು ಹೇಳಿದ್ದು, ‘ಮಾವ, ನಿನ್ನ ವ್ಯಾಪಾರ ಚೆನ್ನಾಗಿ ನಡೆಯೋ ಹಾಗೆ ಮನೆ ಕಟ್ತೀನಿ. ಆದ್ರೆ ನಿನ್ನ ಕೈಗೆ ಮಾತ್ರ ಸಿಗಲ್ಲ, ಅಷ್ಟು ದಿನ ಬಾಳುತ್ತೆ.’

ಹಾಗೆ ಅವಳು ಕಟ್ಟಿದ ಮೊದಲ ಮನೆ ಅವಳ ತಾಯಿಯದೇ. ಭಾರವನ್ನೆಲ್ಲ ಕಂಬಗಳು ಹೊರುತ್ತವೆ. ಹೊರಗೋಡೆಗೆ ನನ್ನ ಅಂಗಳದ ಹಳೆ ಇಟ್ಟಿಗೆ, ಸುಣ್ಣದ ಗಾರೆ. ಗಾಳಿ ಬರುವ ದಿಕ್ಕು ನೋಡಿ ಇಟ್ಟ ಕಿಟಕಿಗಳು, ಬಿಸಿಲನ್ನು ಹೊರಗೇ ನಿಲ್ಲಿಸುವ ಚಾಚಿದ ಸೂರು. ಕಡು ಬೇಸಿಗೆಯಲ್ಲೂ ಅಲ್ಲಿ ಫ್ಯಾನು ತಿರುಗಿದರೆ ಸಾಕು. ಕೆಳಗೆ ಮುಂದುಗಡೆ ಹೊಲಿಗೆ ಅಂಗಡಿ, ಹಿಂದೆ ಅಡುಗೆಮನೆ, ಬಚ್ಚಲು, ಮೇಲೆ ಮಲಗುವ ಕೋಣೆ. ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಈ ಗೋಡೆ. ಮರದ ಚೌಕಟ್ಟಿನಲ್ಲಿ ಹುಲ್ಲು, ಮಣ್ಣು ಅದುಮಿ ತುಂಬಿದ ಹಲಗೆಗಳು, ಕೆಳಗೂ ಮೇಲೂ ಹಳಿ, ಬಿಗಿಯಲು ಬೋಲ್ಟು. ಸದ್ದು ದಾಟುತ್ತಿರಲಿಲ್ಲ, ಗುದ್ದಿದರೆ ನೋಯುತ್ತಿದ್ದದ್ದು ನಮ್ಮ ಕೈ. ಒಂದು ಸ್ಪ್ಯಾನರ್ ಇದ್ದರೆ ಗೋಡೆ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು.

‘ಯಾಕಮ್ಮ ಈ ಸರ್ಕಸ್ಸು?’ ಅಂದೆ.

‘ಅಮ್ಮ ಬಟ್ಟೆಯಲ್ಲಿ ಮಾಡೋದನ್ನ ನಾನು ಮನೆಯಲ್ಲಿ ಮಾಡಿದೀನಿ, ಅಷ್ಟೆ. ಒಳಗೆ ಎರಡು ಬೆರಳು ಬಿಟ್ಟಿದೀನಿ.’

ಆ ಎರಡು ಬೆರಳು ಇಷ್ಟು ಬೇಗ ಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ಮನೆಗೆ ಬಂದ ವರ್ಷವೇ ತಂಗಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮೆಟ್ಟಿಲು ಹತ್ತುವ ಮಾತೇ ಇಲ್ಲ. ಆಸ್ಪತ್ರೆಯಿಂದ ಅವಳನ್ನು ಕರೆತರುವ ದಿನ ಮಗಳು ಬೋಲ್ಟು ಸಡಿಲಿಸಿ ಗೋಡೆಯನ್ನು ಮುಂದಕ್ಕೆ ಸರಿಸಿದಳು. ಅಂಗಡಿ ಅರ್ಧವಾಯಿತು, ಹಿಂದೆ ಒಂದು ಕೋಣೆ ಹುಟ್ಟಿತು. ಮಂಚದಿಂದ ಬಚ್ಚಲಿಗೆ ಗಾಲಿಕುರ್ಚಿ ನೇರ ಹೋಗುವಷ್ಟು ದಾರಿ. ಗೋಡೆಯ ಒಂದು ಹಲಗೆಯನ್ನು ತೆರೆದಿಟ್ಟರೆ ಮಲಗಿದಲ್ಲಿಂದಲೇ ಹೊಲಿಗೆ ಯಂತ್ರ ಕಾಣುತ್ತಿತ್ತು. ನೀರು ಚೆಲ್ಲಲಿಲ್ಲ, ಧೂಳು ಏಳಲಿಲ್ಲ, ಒಂದು ಇಟ್ಟಿಗೆಯೂ ಒಡೆಯಲಿಲ್ಲ. ಕೆಡವುವವನಾದ ನಾನು ಆವತ್ತು ಕೈಕಟ್ಟಿಕೊಂಡು ನಿಂತಿದ್ದೆ.

ಯಂತ್ರದ ಮುಂದೆ ಕೂತದ್ದು ನನ್ನ ಹೆಂಡತಿ. ಗುಂಡಿ ಹಚ್ಚುವುದರಾಚೆ ಅವಳಿಗೆ ಏನೂ ಬರುತ್ತಿರಲಿಲ್ಲ. ಮಂಚದಿಂದ ಪಾಠ ಶುರುವಾಯಿತು. ತಂಗಿಯ ಮಾತು ತೊದಲುತ್ತಿತ್ತು, ನಾಲಿಗೆಯ ಮೊನೆ ಹೋಗಿರಲಿಲ್ಲ. ‘ಅತ್ತಿಗೆ, ಅದು ತೋಳು, ಚೀಲ ಅಲ್ಲ. ಆ ಮಗು ಕೈ ಹಾಕ್ಬೇಕು ಅದ್ರಲ್ಲಿ, ತರಕಾರಿ ಅಲ್ಲ.’ ‘ಹಾಗಾದ್ರೆ ನೀನೇ ಎದ್ದು ಬಂದು ಹೊಲಿ,’ ಅನ್ನುವಳು ಇವಳು. ‘ಬರ್ತೀನಿ, ನೋಡ್ತಿರಿ.’ ಗಿರಾಕಿಗಳು ನಗುತ್ತಿದ್ದರು. ತಂಗಿ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆಯುವುದನ್ನು ಕಲಿತಳು. ವೈದ್ಯರು ಅದನ್ನು ಚಿಕಿತ್ಸೆ ಅಂದರು. ನಾವು ಅಂಗಡಿ ಅಂದೆವು.

ಆಗ ಬಂದರು ನಿಮ್ಮ ತಪಾಸಣಾ ಅಧಿಕಾರಿ, ವಾಸಯೋಗ್ಯ ಪ್ರಮಾಣಪತ್ರ ಕೊಡುವ ಮೊದಲಿನ ಪರಿಶೀಲನೆಗೆ. ಅದಿಲ್ಲದೆ ತಾತ್ಕಾಲಿಕ ವಿದ್ಯುತ್ತು ಕಾಯಂ ಆಗುವುದಿಲ್ಲವಲ್ಲ! ನಕ್ಷೆ ಹರಡಿದರು, ಟೇಪು ಹಿಡಿದರು, ಮುಖ ಗಂಟುಹಾಕಿದರು.

‘ಈ ಗೋಡೆ ಇಲ್ಲಿರಬಾರದು.’

‘ಎಲ್ಲಿರಬೇಕು ಹೇಳಿ ಸಾರ್, ಈಗಲೇ ಅಲ್ಲಿಗೆ ತರ್ತೀನಿ,’ ಅಂದಳು ನನ್ನ ಸೋದರಸೊಸೆ, ಸ್ಪ್ಯಾನರ್ ಕೈಗೆತ್ತಿಕೊಂಡು.

ಆ ಹುಡುಗಿ ಅಪಹಾಸ್ಯ ಮಾಡಲಿಲ್ಲ, ಮಾನ್ಯರೇ. ನಿಜವಾಗಿಯೇ ಕೇಳಿದಳು. ಅವರ ಮುಖ ನೋಡಬೇಕಿತ್ತು. ಅಷ್ಟು ವರ್ಷದ ಸೇವೆಯಲ್ಲಿ ‘ಗೋಡೆ ತಪ್ಪು ಜಾಗದಲ್ಲಿದೆ’ ಅಂದಾಗ ಯಾರೂ ‘ಸರಿ, ತಿದ್ದುತ್ತೇನೆ’ ಅಂದಿರಲಿಕ್ಕಿಲ್ಲ. ಕೈಮುಗಿಯುವವರನ್ನು ಕಂಡಿದ್ದರು, ಕೈಬಿಸಿ ಮಾಡುವವರನ್ನು ಕಂಡಿದ್ದರು. ‘ಗೋಡೆ ಚಲಿಸುತ್ತದೆ’ ಎಂದು ಬರೆದುಕೊಂಡು ಹೋದರು. ಕಳ್ಳ ಸಿಕ್ಕಿಬಿದ್ದ ಎನ್ನುವ ಧಾಟಿಯಲ್ಲಿ.

ನಂತರ ನಿಮ್ಮ ಕೋಣೆಯಲ್ಲಿ ವಿಚಾರಣೆ. ಸೊಸೆ ಮನೆಯ ಮಾದರಿಯನ್ನು ತಂದಿದ್ದಳು, ರಟ್ಟಿನದು. ನೀವು ಆ ಪುಟ್ಟ ಗೋಡೆಯನ್ನು ಬೆರಳಲ್ಲಿ ಹಿಂದೆ ಮುಂದೆ ಸರಿಸಿ ನಕ್ಕಿರಿ. ‘ಚೆನ್ನಾಗಿದೆಯಮ್ಮ, ನನ್ನ ಮೊಮ್ಮಗ ನೋಡಿದ್ರೆ ಬಿಡಲ್ಲ’ ಅಂದಿರಿ. ಆಮೇಲೆ ನೀವು ಹಾಕಿದ ಪ್ರಶ್ನೆಯನ್ನು ನಾನು ಇವತ್ತಿಗೂ ಸ್ನೇಹಿತರಿಗೆ ಹೇಳಿ ನಗಿಸುತ್ತೇನೆ, ನಾನು ಮಾತ್ರ ನಗುವುದಿಲ್ಲ. ಇದು ಗೋಡೆಯೋ, ಪೀಠೋಪಕರಣವೋ? ಗೋಡೆಯಾದರೆ ನಕ್ಷೆಯಲ್ಲಿರುವ ಜಾಗ ಬಿಟ್ಟು ಕದಲುವಂತಿಲ್ಲ. ಪೀಠೋಪಕರಣವಾದರೆ ಮನೆಯೊಳಗೆ ಗೋಡೆಯೇ ಇಲ್ಲವೆಂದಾಯಿತು. ಗೋಡೆಯಿಲ್ಲದ್ದು ಗೋದಾಮು. ಜನವಸತಿಯ ಬೀದಿಯಲ್ಲಿ ಗೋದಾಮಿಗೆ ಅನುಮತಿಯಿಲ್ಲ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ಕಂಡಿದ್ದೇನೆ. ಮೊಲವೇ ಅಲ್ಲ, ಗೋದಾಮು ಅಂದವರನ್ನು ಮೊದಲ ಸಲ ಕಂಡೆ.

‘ಸರ್, ನನ್ನ ತಾಯಿಗೆ ಮೆಟ್ಟಿಲು ಹತ್ತೋಕೆ ಆಗಲ್ಲ,’ ಅಂದಳು ಅವಳು.

‘ಅದಕ್ಕೆ ನನಗೂ ಬೇಜಾರಿದೆಯಮ್ಮ. ಆದ್ರೆ ಮನುಷ್ಯರು ಬದಲಾಗ್ತಾ ಇರ್ತಾರೆ, ಅದಕ್ಕೆಲ್ಲ ಕಟ್ಟಡ ಬದಲಾಯಿಸೋಕಾಗುತ್ತಾ?’

ನಿಮ್ಮ ಎದುರು ಕುರ್ಚಿಯಲ್ಲಿ ಕೂತು ನಾನು ನಿಮ್ಮ ಕೋಣೆಯ ಗೋಡೆ ನೋಡುತ್ತಿದ್ದೆ. ನಿಮ್ಮ ಹಿಂದಿನವರ ಕಾಲದಲ್ಲಿ ಆ ಕೋಣೆ ಕಿಟಕಿಯ ಈಚೆಗೇ ಮುಗಿಯುತ್ತಿತ್ತು. ನೀವು ಬಂದ ಮೇಲೆ ಪ್ಲೈವುಡ್ ಗೋಡೆ ಮುಂದೆ ಸರಿದು ಕಿಟಕಿಯನ್ನೂ ಒಳಗೆ ಹಾಕಿಕೊಂಡಿತು. ಗುಮಾಸ್ತರ ಮೇಜುಗಳು ಕತ್ತಲಿಗೆ ಸರಿದವು. ನನಗೆ ಹೇಗೆ ಗೊತ್ತು ಅನ್ನುತ್ತೀರಾ? ಹಳೆಯ ಪ್ಲೈವುಡ್ ಗೋಡೆಯನ್ನೂ ಗಾಜಿನ ಬಾಗಿಲನ್ನೂ ನಿಮ್ಮ ಕಚೇರಿಯ ಹರಾಜಿನಲ್ಲಿ ಕೊಂಡವನು ನಾನೇ. ಸ್ಕ್ರೂ ಬಿಚ್ಚಿದ ಕೂಡಲೇ ಸಲೀಸಾಗಿ ಬಂದವು. ಅಧಿಕಾರಿ ಬದಲಾದರೆ ಗೋಡೆ ಸರಿಯಬಹುದು, ಅರ್ಧ ಮೈ ಸತ್ತರೆ ಸರಿಯಬಾರದು. ಇದು ಯಾವ ನಿಯಮಾವಳಿಯ ಎಷ್ಟನೆಯ ಕಲಮು? ಆಗ ನಿಮ್ಮ ಕಚೇರಿ ಗೋದಾಮಾಗಲಿಲ್ಲವೇ?

ಆದೇಶ ಬಂತು. ನಕ್ಷೆಯಲ್ಲಿದ್ದ ಜಾಗದಲ್ಲೇ ಇಟ್ಟಿಗೆಯ ಗೋಡೆ ಕಟ್ಟಬೇಕು, ನಕ್ಷೆಯ ಅಳತೆಯದೇ ಬಾಗಿಲು, ವಾಣಿಜ್ಯ ಭಾಗದಲ್ಲಿ ಯಾರೂ ಮಲಗತಕ್ಕದ್ದಲ್ಲ. ತಪ್ಪಿದರೆ ವಿದ್ಯುತ್ತು ಕಡಿತ, ಬೀಗಮುದ್ರೆ. ನಕ್ಷೆಯನ್ನೇ ಬದಲಿಸಿಕೊಡಿ ಅಂದಳು ಸೊಸೆ. ‘ಮೊದಲು ಇರೋ ನಕ್ಷೆ ಪ್ರಕಾರ ಮುಗಿಸಿ ಪ್ರಮಾಣಪತ್ರ ತಗೊಳ್ಳಿ, ಆಮೇಲೆ ಬದಲಾವಣೆಗೆ ಅರ್ಜಿ ಹಾಕಿ’ ಎಂದು ಕಿವಿಮಾತು ಹೇಳಿದಿರಿ. ನಂಬಿದೆವು. ವ್ಯಾಪಾರದಲ್ಲಿ ಇಷ್ಟು ವರ್ಷ ಪಳಗಿದ ನಾನೂ ನಂಬಿದೆ.

ಗೋಡೆ ಕಟ್ಟಿಸಿದೆವು. ಮುಂದೆ ನಿಂತು ಕಟ್ಟಿಸಿದವಳು ಸೊಸೆ, ನಾನು ಅತ್ತ ಸುಳಿಯಲಿಲ್ಲ. ಅಕ್ಕಪಕ್ಕದವರು ತಂಗಿಯನ್ನು ಕುರ್ಚಿಸಮೇತ ಎತ್ತಿ ಮೆಟ್ಟಿಲು ಹತ್ತಿಸಿದರು. ತಿರುವಿನಲ್ಲಿ ಉಸಿರು ಬಿಡಲು ನಿಂತಾಗ ಅವಳು ಅಂದದ್ದು, ‘ಬೇಜಾರು ಮಾಡ್ಕೋಬೇಡಿ, ಇಳಿಸೋವಾಗ ಇಷ್ಟು ಭಾರ ಇರಲ್ಲ.’ ‘ಸಾಯೋ ಮಾತು ಯಾಕಮ್ಮ’ ಎಂದು ಬೈದು ಮತ್ತೆ ಎತ್ತಿದರು. ಅಲ್ಲಿಂದೀಚೆಗೆ ಅವಳು ಕೆಳಗೆ ಬಂದಿಲ್ಲ, ಸ್ನಾನವೂ ಮಂಚದ ಮೇಲೇ. ಯಂತ್ರದ ಸದ್ದು ಕೇಳಿದರೆ ‘ಯಾರು ಬಂದಿದ್ದು ಅತ್ತಿಗೆ?’ ಎಂದು ಕೂಗುತ್ತಿದ್ದಳು. ಈಗೀಗ ಕೂಗುವುದಿಲ್ಲ. ಸೀಮೆಸುಣ್ಣ ಹಿಡಿದ ಎಡಗೈಗೂ ಕೆಲಸವಿಲ್ಲ. ಪ್ರಮಾಣಪತ್ರ ಮಾತ್ರ ಬಂದಿದೆ, ಮನೆ ವಾಸಕ್ಕೆ ಯೋಗ್ಯವೆಂದು.

ಬಾಗಿಲುಗಳನ್ನು ಬೇಕಾದಂತೆ ಜೋಡಿಸಿಕೊಂಡು ಎರಡು ತರಗತಿಯನ್ನು ಒಂದು ಮಾಡಬಲ್ಲ ಶಾಲೆಯೊಂದನ್ನು ನಮ್ಮ ಹುಡುಗಿ ಕಟ್ಟಬೇಕಿತ್ತು. ಶಾಲೆಯವರು ಹಿಂದೆಗೆದರು. ‘ನಿಮ್ಮ ಐಡಿಯಾ ಎಲ್ಲ ಚೆನ್ನಾಗಿದೆ, ಪರವಾನಗಿ ಸಿಗೋ ಅಂಥದ್ದು ಕಟ್ಟಿಕೊಡೋರು ಬೇಕು’ ಅಂದರಂತೆ. ಈಗ ಅವಳು ಒಬ್ಬ ಬಿಲ್ಡರ್ ಹತ್ತಿರ ಕೂತು ಒಂದೇ ಅಚ್ಚಿನ ಫ್ಲಾಟುಗಳನ್ನು ಬರೆಯುತ್ತಾಳೆ. ಅವೆಲ್ಲ ಒಂದು ದಿನ ನನ್ನ ಹತ್ತಿರವೇ ಬರುತ್ತವೆ, ಪುಡಿಯಾಗಿ. ನನಗೆ ಅದರಲ್ಲಿ ಕಾಸಿನ ಲಾಭವಿಲ್ಲ.

ನೀವು ಹೇಳಿದಂತೆ ಬದಲಾವಣೆಗೆ ಅರ್ಜಿ ಹಾಕಿದೆವು. ಅದಕ್ಕೆ ಬಂದ ಉತ್ತರವೇ ಆ ‘ಶಾಶ್ವತ ಗೋಡೆ’. ಅದನ್ನು ಮಹಡಿಗೆ ಒಯ್ದು ತಂಗಿಗೆ ಓದಿ ಹೇಳಿದ್ದು ಮಗಳೇ. ಕೇಳಿಸಿಕೊಂಡ ತಂಗಿ ಅವಳನ್ನು ಕೇಳಿದಳು, ‘ಒಳಗೆ ಬಟ್ಟೆ ಬಿಟ್ಟಿದೀಯ ತಾನೆ?’

‘ಬಿಟ್ಟಿದೀನಮ್ಮ.’

ನನಗೆ ಅರ್ಥವಾಗಲಿಲ್ಲ. ಕೆಳಗೆ ಬಂದು ಆ ಗೋಡೆಯ ಸಂದಿಗೆ ಉಗುರು ಹಾಕಿ ನೋಡಿದೆ. ಸಿಮೆಂಟಲ್ಲ, ಸುಣ್ಣ. ಇಟ್ಟಿಗೆಯ ಗೋಡೆ ಎಂದಷ್ಟೇ ನಿಮ್ಮ ಆದೇಶದಲ್ಲಿತ್ತು, ಯಾವುದರಿಂದ ಇಟ್ಟಿಗೆ ಬೆಸೆಯಬೇಕೆಂದು ಇರಲಿಲ್ಲ. ಆ ಹುಡುಗಿ ನಿಮ್ಮ ಒಂದಕ್ಷರವನ್ನೂ ಮೀರದೆ, ಬಿಚ್ಚಲು ಬರುವ ಗೋಡೆ ಕಟ್ಟಿಸಿದ್ದಾಳೆ. ಮೆಲ್ಲಗೆ ತಟ್ಟಿದರೆ ಇಟ್ಟಿಗೆಗಳು ಇಡಿಯಾಗಿ ಕೈಗೆ ಬರುತ್ತವೆ. ಹಳಿಗಳು ನೆಲದಲ್ಲಿ ಹಾಗೇ ಇವೆ, ಹಲಗೆಗಳು ನನ್ನ ಅಂಗಳದಲ್ಲಿ ಒಣ ಜಾಗದಲ್ಲಿವೆ. ಇದನ್ನು ಬಹಿರಂಗವಾಗಿ ಬರೆಯುವುದು ಬೇಡವೆಂದು ಹೆಂಡತಿ ಅಂದಳು. ಮುಚ್ಚಿಡಲು ನಾವೇನು ಕದ್ದಿದ್ದೇವೆಯೇ?

ಆದ್ದರಿಂದ ಕೇಳುವುದು ಇಷ್ಟು. ಆ ಒಂದು ಗೋಡೆಯನ್ನು ಬಿಚ್ಚಲು ಅನುಮತಿ ಕೊಡಿ. ಅದು ಗೋಡೆಯೋ ಪೀಠೋಪಕರಣವೋ ನಿಮಗೆ ತೋಚಿದ್ದನ್ನು ಬರೆದುಕೊಳ್ಳಿ, ನಮ್ಮ ತಕರಾರಿಲ್ಲ. ಅಥವಾ ನೀವೇ ಒಮ್ಮೆ ಬಂದು, ಮೆಟ್ಟಿಲು ಹತ್ತಿ, ಯಾಕೆ ಕೊಡಲಾಗದೆಂದು ನನ್ನ ತಂಗಿಗೆ ಹೇಳಿ. ಎರಡೂ ಆಗದಿದ್ದರೆ ಈ ತಿಂಗಳು ಮುಗಿದ ಮರುದಿನ ಬೆಳಿಗ್ಗೆ ನನ್ನ ಕಸುಬು ನಾನು ಮಾಡುತ್ತೇನೆ. ಬೀದಿಗೆಲ್ಲ ಕೇಳುವಂತೆ, ಹಗಲಲ್ಲೇ. ದಂಡವೋ ಬೀಗವೋ, ಆಮೇಲೆ ನೋಡಿಕೊಳ್ಳೋಣ. ತಂಗಿಯನ್ನು ಇಳಿಸಲು ಅಕ್ಕಪಕ್ಕದವರಿಗೆ ಈಗಾಗಲೇ ಹೇಳಿಟ್ಟಿದ್ದೇನೆ. ಅವಳು ಇನ್ನೂ ಭಾರವಿರುವಾಗಲೇ ಇಳಿಸಬೇಕು ನಮಗೆ.

ಇಂತಿ,
ನಿಮ್ಮ ಕಚೇರಿಯ ಹಳೆಯ ಗಾಜಿನ ಬಾಗಿಲನ್ನು ಇನ್ನೂ ಮಾರದೆ ಇಟ್ಟುಕೊಂಡಿರುವ, ತಟ್ಟಿದರೆ ಯಾರಾದರೂ ತೆಗೆದಾರೆಂದು ಈಗಲೂ ನಂಬುವ,
ಒಬ್ಬ ಕಟ್ಟಡ ಕೆಡವುವವನು