ಗೂಟ ಕೀಳದ ಎರಡು ಊರುಗಳು

ಫೆಬ್ರವರಿ ಮೂವತ್ತೊಂದು, ೨೪೧೬
ತೆಂಕತೇಲು, ಹಳೆಯ ಹೊನ್ನಾವರದ ಮೇಲಿನ ನೀರು

ಯಂತ್ರಗಳ ಕೂಡುಬಾಯಿಗೆ ಅಳತೆ ಗೊತ್ತುಮಾಡುವ ಪೂರ್ವಜರಿಗೆ ದೇವಿದಾಸ ಅಂಬಿಗನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಶತಮಾನಗಳಿಂದ ಅರೆಹೊಟ್ಟೆಯಲ್ಲಿದ್ದ ಫೆಬ್ರವರಿಗೆ ನಮ್ಮ ಸರ್ಕಾರ ಮೂರು ದಿನ ಪರಿಹಾರ ಕೊಟ್ಟಿದೆ. ಸರ್ಕಾರದ ಪರಿಹಾರ ಪೂರ್ತಿ ತಲುಪಿದ್ದು ಅದೊಂದೇ ಸಲ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಬ್ಯಾಕ್‌ಪ್ಲೇನ್ ಎನ್ನುವುದು ನಮಗೆ ಬೆನ್ನುಹಲಗೆ. ಪೆಟ್ಟಿಗೆಯ ಹಿಂಗೋಡೆಯಾಗಿ ನಿಂತ ಅದಕ್ಕೆ ಸರ್ಕ್ಯೂಟಿನ ಹಲಗೆಗಳನ್ನು, ಕಪಾಟಿಗೆ ಪುಸ್ತಕ ತಳ್ಳಿದಂತೆ, ಸಾಲಾಗಿ ತಳ್ಳಿ ಕೂರಿಸುತ್ತೇವೆ. ಎರಡನ್ನೂ ಕೂಡಿಸುವ ಕನೆಕ್ಟರೇ ಕೂಡುಬಾಯಿ: ಒಂದು ಕಡೆ ಚಿನ್ನದ ಲೇಪದ ಸೂಜಿಗಳ ಸಾಲು, ಇನ್ನೊಂದು ಕಡೆ ಅವಕ್ಕೆ ತೂತುಗಳು. ಹಲಗೆಗಳು ತಮ್ಮತಮ್ಮೊಳಗೆ ಮಾತಾಡುವುದೆಲ್ಲ ಈ ಬೆನ್ನಿನ ಮೂಲಕವೇ. ಬೆನ್ನ ಹಿಂದೆ ಮಾತಾಡಿಯೂ ಮರ್ಯಾದಸ್ಥರಾಗಿ ಉಳಿದವರು ಲೋಕದಲ್ಲಿ ಇವರಷ್ಟೇ.

ನಮ್ಮದು ತೇಲೂರು, ಅಂದರೆ ಕಡಲು ಏರಿದ ಮೇಲೆ ಪೀಪಾಯಿಗಳ ಮೇಲೆ ಕಟ್ಟಿಕೊಂಡ ಊರು. ಬೀದಿಯೇ ಓಲಾಡುವುದರಿಂದ ಇಲ್ಲಿ ಕುಡಿದವರನ್ನು ಗುರುತಿಸುವುದು ಕಷ್ಟ. ಮಕ್ಕಳು ನಡೆಯುವ ಮೊದಲು ಈಜುತ್ತಾರೆ, ಬಸಳೆ ಹರಿದ ಬಲೆಯ ಮೇಲೆ ಹಬ್ಬುತ್ತದೆ, ನೆಂಟರ ಮನೆಗೆ ಹೊರಟವರು ಮೊದಲು ಆ ಮನೆ ಇವತ್ತು ಎಲ್ಲಿದೆ ಎಂದು ವಿಚಾರಿಸುತ್ತಾರೆ. ಸುತ್ತ ನೀರೋ ನೀರು. ಕುಡಿಯಲು ಮಾತ್ರ ಸಿಹಿಯಂತ್ರದ ಮುಂದೆ ಕೊಡ ಹಿಡಿದು ನಿಲ್ಲಬೇಕು. ಕಡಲ ನೀರಿನ ಉಪ್ಪು ತೆಗೆಯುವ ಈ ಯಂತ್ರ ಊರಿಗೊಂದೇ.

ತೆಂಕತೇಲು, ಬಡಗತೇಲು ಮೊದಲು ಒಂದೇ ಊರಾಗಿದ್ದವು. ಮದುವೆಯೊಂದರಲ್ಲಿ ಯಾವ ಪಂಕ್ತಿಗೆ ಮೊದಲು ಪಾಯಸ ಎಂಬ ಜಗಳ ಎದ್ದು, ಹಗ್ಗ ಬಿಚ್ಚಿಕೊಂಡು ಎರಡಾದವು. ಇದ್ದ ಎರಡು ಯಂತ್ರಗಳನ್ನು ಒಂದೊಂದು ಹಂಚಿಕೊಂಡರು. ಕೂಡುಬಾಯಿಯಲ್ಲಿ ಒಂದು ಪುಟ್ಟ ಗೂಟವಿರುತ್ತದೆ, ಹಲಗೆಯಲ್ಲಿ ಅದಕ್ಕೆ ಒಪ್ಪುವ ಕಚ್ಚು. ತಪ್ಪು ಹಲಗೆ ತಪ್ಪು ಜಾಗಕ್ಕೆ ಹೋಗದಿರಲೆಂದು ನೀವು ಮಾಡಿದ ಜಾಣತನ ಅದು. ನಮ್ಮ ಹಿರಿಯರು ಅದನ್ನು ಮಾನಕ್ಕೆ ಕಟ್ಟಿಕೊಂಡರು. ಒಬ್ಬರ ಹಲಗೆ ಇನ್ನೊಬ್ಬರಿಗೆ ಆಗಬಾರದೆಂದು ಇವರು ಗೂಟವನ್ನು ಮೇಲಕ್ಕೆ, ಅವರು ಕೆಳಕ್ಕೆ ಸರಿಸಿದರು. ನಿಮ್ಮ ಕಾಲದಲ್ಲಿ ಗೂಟದ ಕಾರಿಗಿದ್ದ ಗತ್ತು ನಮ್ಮಲ್ಲಿ ಬರೀ ಗೂಟಕ್ಕೇ ಬಂತು.

ಊರುಗಳು ಮುನಿಸಿಕೊಂಡರೂ ಹೆಣ್ಣು ಕೊಡುವುದು ನಿಲ್ಲುವುದಿಲ್ಲ. ನನ್ನ ಅಕ್ಕ ಮಂಗಲೆಯನ್ನು ಬಡಗತೇಲಿಗೆ ಕೊಟ್ಟಿದ್ದೆವು. ಕಳೆದ ಬೇಸಿಗೆಯಲ್ಲಿ ಅಲ್ಲಿನ ಯಂತ್ರದ ಪಂಪು ನಡೆಸುವ ಹಲಗೆ ಸುಟ್ಟಿತು. ಬದಲಿ ಇದ್ದದ್ದು ನಮ್ಮಲ್ಲಿ. ಎಲ್ಲ ಒಂದೇ, ಕಚ್ಚಿನ ಜಾಗ ಮಾತ್ರ ಬೇರೆ. ಅಕ್ಕ ಬಂದು ಕೇಳಿದ ಕೂಡಲೇ ನಾನೂ ನಮ್ಮೂರ ಹಿರಿಯರಾದ ಈರಪ್ಪ ಮಾಸ್ತರರೂ ಹಲಗೆ ಹಿಡಿದು ದೋಣಿ ಹತ್ತಿದೆವು. ದಾರಿ ಇದ್ದದ್ದು ಎರಡೇ: ಅವರ ಗೂಟ ಕೀಳಬೇಕು, ಇಲ್ಲವೇ ನಮ್ಮ ಹಲಗೆಗೆ ಹೊಸ ಕಚ್ಚು ಕೆತ್ತಬೇಕು. ಯಾವುದಾದರೂ ಎಲೆ ಅಡಿಕೆ ಹಾಕಿ ಮುಗಿಸುವಷ್ಟು ಹೊತ್ತಿನ ಕೆಲಸ.

“ನಮ್ಮಜ್ಜ ನೆಟ್ಟ ಗೂಟ ಮಾಸ್ತರೇ, ಕೀಳೂದಿಲ್ಲ. ನಿಮ್ ಹಲಗೇನೇ ಕೆತ್ತಿ,” ಎಂದ ಆ ಊರಿನ ಹಿರಿಯ ಜಟ್ಟಜ್ಜ.

“ಕೊಡೂಕೆ ಬಂದವ್ರು ನಾವು, ಕೆತ್ತಿಸ್ಕಳೂದೂ ನಾವೇಯಾ? ಭಾರೀ ಚೆಂದ ಆಯ್ತು!” ಎಂದರು ಮಾಸ್ತರರು.

“ನೀವು ಕೊಡೂಕೆ ಬಂದದ್ದು ಹಲಗೆಯೋ, ಹಂಗೋ?”

“ನೀರ್ ಬರ್ಲಿ ಮೊದ್ಲು,” ಎಂದು ಅಕ್ಕ ಕೂಗಿದಳು. “ಆಮೇಲೆ ಬೇಕಾರೆ ಅದ್ರಲ್ಲೇ ಇಬ್ರೂ ಮಾನ ತೊಳ್ಕಳಿ!”

ಯಾರೂ ಸೋಲಲಿಲ್ಲ; ಅದೇ ಸೋಲಾಯಿತು. ಬಾಯಾರಿದ ಮಕ್ಕಳ ಅಳು ಕೇಳಲಾರದೆ ಅಕ್ಕನ ಗಂಡ ಸುಬ್ರಾಯ ಬಾವ ಹಲಗೆಯನ್ನು ಕಸಿದುಕೊಂಡು, ಕೂಡುಬಾಯಿಗೆ ಒಡ್ಡಿ, ಹೆಗಲು ಕೊಟ್ಟು ನೂಕಿದ. ಗೂಟ ಮುರಿಯಿತು. ಹಲಗೆ ಓರೆಯಾಗಿ ಒಳಹೊಕ್ಕಿತು, ಬೆನ್ನುಹಲಗೆಯ ಸೂಜಿಗಳು ಮಡಚಿಕೊಂಡು ಒಂದಕ್ಕೊಂದು ಅಂಟಿದವು. ಸ್ವಿಚ್ಚು ಹಾಕಿದೊಡನೆ ಸುಟ್ಟ ವಾಸನೆ. ಹಲಗೆ ಹೋದರೆ ಇನ್ನೊಂದು ಹಲಗೆ ಉಂಟು. ಬೆನ್ನೇ ಹೋದರೆ ಏನೂ ಇಲ್ಲ. ಅದನ್ನು ಮಾಡುತ್ತಿದ್ದ ಕಾರ್ಖಾನೆಗಳು ಕಡಲಿನ ಕೆಳಗಿವೆ. ಚಿನ್ನದ ಸೂಜಿಯೆಂದು ಕಣ್ಣಿಗೆ ಚುಚ್ಚಿಕೊಳ್ಳಬಾರದೆಂಬ ಗಾದೆ ನಮಗೂ ಗೊತ್ತಿತ್ತು. ಚುಚ್ಚಿಕೊಂಡೆವು.

ಕೊಡಗಳಲ್ಲಿ ನೀರು ಸಾಗಿಸಿ ನೋಡಿದೆವು. ಎರಡು ಊರಿಗೆ ಒಂದು ಯಂತ್ರ ಸಾಲಲಿಲ್ಲ. ಬಡಗತೇಲಿನವರು ಮನೆಮನೆಯಾಗಿ ಘಟ್ಟದ ಕಡೆಗೆ ಚದುರಿದರು, ಕೊನೆಯ ದೋಣಿಯಲ್ಲಿ ಜಟ್ಟಜ್ಜ. ಖಾಲಿ ಊರು ಈಗಲೂ ತೇಲುತ್ತಿದೆ. ಗಾಳಿ ಬೀಸಿದಾಗ ನಮ್ಮ ಹತ್ತಿರಕ್ಕೆ ಬಂದು, ಬಾ ಎನ್ನುವವರಿಲ್ಲದೆ ತಿರುಗಿ ಹೋಗುತ್ತದೆ. ಅಕ್ಕನೂ ಬಾವನೂ ಮಾತ್ರ ನಮ್ಮ ಮನೆ ಸೇರಿದರು. ಅಕ್ಕ ನೀರಿನ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುತ್ತಾಳೆ, ಮುಂದೆ ಬಾ ಎಂದರೂ ಬರುವುದಿಲ್ಲ. ಈ ಊರಲ್ಲೇ ಹುಟ್ಟಿದವಳು ಅವಳು.

ಪೂರ್ವಜರೇ, ಪಕ್ಕದವರ ಹಲಗೆ ನಮ್ಮದಕ್ಕೆ ಆಗದಂತೆ ಮಾಡುವುದು ಹೇಗೆಂದು ನಿಮ್ಮಲ್ಲೂ ಕೆಲವರು ಮೇಜಿನ ಸುತ್ತ ಕೂತು ಯೋಚಿಸುತ್ತಿರಬಹುದು. ಬೇಡಿ. ಒಂದೇ ಕೆಲಸದ ಹಲಗೆಗೆ ಎಲ್ಲೆಲ್ಲೂ ಒಂದೇ ಕಡೆ ಗೂಟವಿರಲಿ. ಒಟ್ಟಾಗಿ ಬಾಳಿ ಎಂದೂ ಉಪದೇಶ ಸೇರಿಸುವವನಿದ್ದೆ. ಭುಜದ ಮೇಲಿಂದ ಓದುತ್ತಿದ್ದ ಅಕ್ಕ ತಡೆದಳು.

“ಜಗಳ ಆಡ್ಬೇಡಿ ಅಂತ ಬರೀಬೇಡ ತಮಾ, ಅದ್ನೆಲ್ಲ ಯಾರ್ ಕೇಳ್ತಾರೆ? ಬೇಕಾದಷ್ಟು ಆಡ್ಲಿ. ಒಬ್ರದ್ದು ಇನ್ನೊಬ್ರಿಗೆ ಆಗೂ ಹಾಂಗೆ ಇಟ್ಕಂಡು ಆಡ್ಲಿ.”