ಪಾರ್ಕಿನಲ್ಲಿ ತೆಗೆದ ಫೋಟೋ

ಮಾರ್ಚ್ 4, ಮಂಗಳವಾರ
ಆಫೀಸಿನಿಂದ ಬರುವಾಗ ಮತ್ತೆ ಲೇಟ್. ಸುದ್ದಗುಂಟೆಪಾಳ್ಯದಲ್ಲಿ ನನಗಿಂತ ಅವ್ವನಿಗೇ ಹೆಚ್ಚು ಜನ ಗೊತ್ತು. ದಿನಾ ಸಂಜೆ ಪಾರ್ಕು, ಅಲ್ಲಿನ ಮಕ್ಕಳಿಗೆ ಶೇಂಗಾ ಉಂಡಿ. ಇವತ್ತು ಯಾರೋ ಅವಳ ಫೋಟೋ ತೆಗೆದರಂತೆ. "ಚಂದ ಕಾಣ್ತೀನೇನೋ," ಅಂತ ನಕ್ಕಳು.

ಮಾರ್ಚ್ 6, ಗುರುವಾರ
ಅವ್ವನ ಫೋನಿನಿಂದ ಯಾರೋ ಗಂಡಸಿನ ದನಿ. "ಈ ಹೆಂಗ್ಸು ನಿಮ್ ತಾಯೀನಾ ಮೇಡಂ? ಪ್ರೂಫ್ ತಗೊಂಡು ಪಾರ್ಕ್ ಹತ್ರ ಬನ್ನಿ."
ಆಟೋ ಹಿಡಿದು ಓಡಿದೆ. ಗೇಟಿನಲ್ಲಿ ಗುಂಪು. ನಡುವೆ ಅವ್ವ, ನೆಲದ ಮೇಲೆ. ರವಿಕೆಯ ತೋಳು ಹರಿದಿದೆ. ಒಬ್ಬಳು ಮೊಬೈಲನ್ನು ನನ್ನ ಮುಖಕ್ಕೇ ಹಿಡಿದಳು. ಅವ್ವನದೇ ಫೋಟೋ. ಕೆಳಗೆ — "ಮಕ್ಕಳ ಕಳ್ಳಿ. ಲಡ್ಡುವಿನಲ್ಲಿ ಮತ್ತಿನ ಔಷಧಿ. ಎಲ್ಲ ಗ್ರೂಪಿಗೂ ಕಳಿಸಿ."
ಫೋನಿನಲ್ಲಿದ್ದ ಇಬ್ಬರ ಆಧಾರ್ ತೋರಿಸಿದೆ, ಒಂದೇ ವಿಳಾಸ. "ಇನ್ಮೇಲೆ ಮಕ್ಕಳನ್ನ ಮುಟ್ಬೇಡಿ" ಎನ್ನುತ್ತಾ ಜನ ಕರಗಿದರು. ಸಾರಿ ಎಂದವರು ಒಬ್ಬರೂ ಇಲ್ಲ.
ದಾರಿಯಲ್ಲಿ ಅವ್ವ ಒಂದೇ ಮಾತು ಕೇಳಿದಳು. "ನಾ ಹಂಗ ಕಾಣ್ತೀನೇನು?"

ಮಾರ್ಚ್ 7
ಆ ಫೋಟೋ ಹರಿದಾಡಿದ ಏರಿಯಾದ ವಾಟ್ಸಾಪ್ ಗ್ರೂಪಿನಲ್ಲಿ ಕೆಳಮನೆಯ ಓನರ್ ಅಕ್ಕಯಮ್ಮನೂ ಇದ್ದಾರೆ. ಅವ್ವನ ಜೋಳದ ರೊಟ್ಟಿ ಕೇಳಿ ಕೇಳಿ ತಿನ್ನುವವರು.
"ಮೆಸೇಜ್ ನೋಡಿದ್ರಾ ಆಂಟಿ?"
"ನೋಡ್ದೆ ಕಣಮ್ಮ. ನಮ್ ಶಿವವ್ವನೇ ಅಂತ ಗೊತ್ತಾಯ್ತು."
"ಮತ್ತೆ ಗ್ರೂಪಲ್ಲಿ ಹೇಳ್ಬಾರ್ದಿತ್ತಾ?"
"ಎಲ್ಲಾ ದೊಡ್ಡೋರು ಇರೋ ಗ್ರೂಪು, ನಾವ್ಯಾಕೆ ಮಧ್ಯ ಬಾಯಿ ಹಾಕೋದು ಅಂತ ಸುಮ್ನಾದೆ. ನಾನೇನೂ ಫಾರ್ವರ್ಡ್ ಮಾಡ್ಲಿಲ್ಲಪ್ಪ!"

ಮಾರ್ಚ್ 10, ಸೋಮವಾರ
ಸ್ಟೇಷನ್. ಎಸ್‌ಐ ತಾಳ್ಮೆಯ ಮನುಷ್ಯ. "ಫೋಟೋ ಮಾರ್ಫ್ ಅಲ್ಲ, ನಿಜದ್ದೇ. ಕೆಳಗೆ ಬರ್ದಿರೋದು ಸುಳ್ಳು. ನೋಡಿ ಮೇಡಂ, ನಿಜ ಅಂತ ನಂಬಿ ಕಳಿಸಿದ್ರೆ ಮಿಸ್‌ಇನ್ಫರ್ಮೇಷನ್. ಸುಳ್ಳು ಅಂತ ಗೊತ್ತಿದ್ದೂ ಬೇಕಂತ ಹರಡಿದ್ರೆ ಡಿಸ್‌ಇನ್ಫರ್ಮೇಷನ್."
"ಗೊತ್ತಿದ್ದೂ ಸುಮ್ನಿದ್ದವರಿಗೆ ಏನಂತಾರೆ ಸಾರ್?"
ಪೆನ್ನಿನ ಕ್ಯಾಪ್ ಹಾಕಿದರು. "ಮೊದಲು ಹಾಕಿದ್ದು ಯಾರು ಅಂತ ಹುಡುಕ್ತೀವಿ."

ಮಾರ್ಚ್ 19
ಇನ್ನೂ ಹುಡುಕುತ್ತಿದ್ದಾರೆ. ಗ್ರೂಪಿನ ಅಡ್ಮಿನ್ ಕೈಕಾಲು ಹಿಡಿದು "ಅದು ಸುಳ್ಳು ಸುದ್ದಿ" ಎಂದು ಹಾಕಿಸಿದೆ. ಅದನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ.
ಊಟದ ಹೊತ್ತಿಗೆ ಆಫೀಸಿನ ರೇಖಾ ಮೊಬೈಲ್ ಚಾಚಿದಳು. "ನಿಮ್ ಏರಿಯಾ ಕಡೆಯವಳಂತೆ ಕಣೇ, ಹುಷಾರು." ಅದೇ ಫೋಟೋ. ಈಗ ಅವ್ವ ಬನಶಂಕರಿಯಲ್ಲಿ ಸಿಕ್ಕಿಬಿದ್ದಿದ್ದಾಳೆ, ಹಿಂದೆ ದೊಡ್ಡ ಗ್ಯಾಂಗ್ ಇದೆ.
"ನಮ್ಮವ್ವ," ಎಂದೆ. ರೇಖಾ ನಕ್ಕಳು... ಜೋಕ್ ಅಂದುಕೊಂಡಳು.

ಏಪ್ರಿಲ್ 2, ಬುಧವಾರ
ಅವ್ವ ಪಾರ್ಕಿಗೆ ಹೋಗುವುದಿಲ್ಲ. ಮಹಡಿಯ ಬಾಗಿಲು ಹಾಕಿಕೊಂಡೇ ಇರುತ್ತಾಳೆ. ಇವತ್ತು ಬಟ್ಟೆ ಒಣಹಾಕಲು ಹೊರಗೆ ಬಂದಿದ್ದಳು. ಅಕ್ಕಯಮ್ಮನ ಮೊಮ್ಮಗಳು ಸಿರಿ ಮೆಟ್ಟಿಲು ಹತ್ತುತ್ತಾ ಜಾರಿ ಬಿತ್ತು, ಅವ್ವನ ಕಾಲ ಬಳಿಯೇ. ತುಟಿ ಒಡೆದು ರಕ್ತ. ಅವ್ವ ಬಗ್ಗಿದಳು. ಬಗ್ಗಿದವಳು ಹಾಗೇ ಹಿಂದೆ ಸರಿದು ಗೋಡೆಗೆ ಒರಗಿದಳು. ಕೈಗಳೆರಡೂ ಬೆನ್ನ ಹಿಂದೆ. ಮಗು ಅವಳತ್ತ ತೋಳು ಚಾಚಿ ಅಳುತ್ತಿದೆ.
ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಅಕ್ಕಯಮ್ಮ ಏದುಸಿರು ಬಿಡುತ್ತಾ ಹತ್ತಿ ಬಂದರು.
"ಏನ್ ಶಿವವ್ವ, ಮಗು ಬಿದ್ದಿದ್ರೆ ನೋಡ್ಕೊಂಡು ನಿಂತಿದ್ದೀರಲ್ಲ! ಎತ್ಕೋಬಾರ್ದಾ?"
"ಮಕ್ಕಳನ್ನ ಮುಟ್ಟಬ್ಯಾಡ ಅಂದಾರಲ್ರೀ," ಅಂದಳು ಅವ್ವ.
ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅದೇ ತಡೆಯಲಾಗಲಿಲ್ಲ. ಅಕ್ಕಯಮ್ಮ ನನ್ನ ಮುಖ ನೋಡಿದರು. ನಾನಾದರೂ ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಅವರದೇ ಮಾತು: "ನಾವ್ಯಾಕೆ ಮಧ್ಯ ಕೈ ಹಾಕೋದು ಅಂತ ಸುಮ್ನಾದ್ಲು ಆಂಟಿ."